ಗೇಟಿನ ಬಣ್ಣಕ್ಕೆ ಕರಗಿದ ಗುಡ್ಡ

ಗುಡ್ಡ ಕರಗಿಸಿದವನು ನಾನೇ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಸುದ್ದಿ ಕಾರ್ಕಳದಿಂದ ಮಣಿಪಾಲದ ಹಾಸ್ಟೆಲಿಗೆ ಮುಟ್ಟುವಷ್ಟರಲ್ಲಿ ನಾನು ಗೆಳೆಯನ ಮನೆಗೇ ಬೆಂಕಿ ಇಟ್ಟೆ ಎಂದಾಗಿತ್ತು. ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಬ್ರಷ್ ಕೂಡ ನನ್ನ ಕೈಯಲ್ಲಿರಲಿಲ್ಲ. ಕೆಲಸ ಕೆಡಿಸಿದ್ದು ನನ್ನ ಗಂಟಲು.

ಯಾರ ಸ್ವರವೇ ಆಗಲಿ, ಒಂದೆರಡು ಸಲ ಕಿವಿಗೆ ಬಿದ್ದರೆ ಸಾಕು, ಆಮೇಲೆ ಅದು ನನ್ನ ಬಾಯಿಯಿಂದ ಹೊರಗೆ ಬಾರದೆ ಇರುವುದಿಲ್ಲ. ಕಾರ್ಕಳವನ್ನು ಅರ್ಧ ನುಂಗಿ “ಕಾರ್ಲ ಕಾರ್ಲ ಕಾರ್ಲ” ಎಂದು ಕೂಗುವ ಬಸ್ ಕಂಡಕ್ಟರ್, ಉಸಿರು ತೆಗೆದುಕೊಳ್ಳದೆ ತಿಂಡಿಗಳ ಹೆಸರು ಒದರುವ ಉಡುಪಿಯ ಹೋಟೆಲ್ ಮಾಣಿ, ಮೂಗಿನಲ್ಲೇ ಹಾಜರಿ ಕರೆಯುವ ನಮ್ಮ ಮೇಷ್ಟ್ರು, ಎಲ್ಲರೂ ನನ್ನೊಳಗೆ ಬಾಡಿಗೆ ಇಲ್ಲದೆ ವಾಸವಾಗಿದ್ದರು. ಒಮ್ಮೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಹಿಂದಿನ ಸೀಟಿನಿಂದ “ರೈಟ್ ಪೋಯಿ!” ಎಂದದ್ದಕ್ಕೆ ಡ್ರೈವರ್ ಬಸ್ ಹೊರಡಿಸಿಯೇ ಬಿಟ್ಟ, ನಿಜವಾದ ಕಂಡಕ್ಟರ್ ಚಹಾದ ಗ್ಲಾಸ್ ಹಿಡಿದುಕೊಂಡು ಹಿಂದಿನಿಂದ ಓಡಿ ಬಂದ. ನನ್ನದೇ ಸ್ವರವನ್ನೂ ನಾನು ಬಿಟ್ಟವನಲ್ಲ. ಪರೀಕ್ಷೆಯ ದಿನ ಮೇಷ್ಟ್ರು ಪ್ರಶ್ನೆ ಕೇಳಿದಾಗ ನನ್ನ ಬಾಯಿಯಿಂದ ಬರುವ ಸದ್ದು ಬಾವಿಗೆ ಬಿದ್ದ ಕೊಡಪಾನದ್ದು. ಅದನ್ನು ನಾನು ಮಾಡಿ ತೋರಿಸಿದಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ಎಂಬತ್ತರ ದಶಕದ ನಡುವೆ ನಾನು ಕಾಪುವಿನಿಂದ ದಿನಾ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಎಂಜಿನಿಯರಿಂಗ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ನಮ್ಮ ಮನೆಯವರ ಮಾತು. ನನ್ನ ಹಗಲು ಕಳೆಯುತ್ತಿದ್ದದ್ದು ಹಾಸ್ಟೆಲಿನಲ್ಲಿ, ಕಾರ್ಕಳದ ಗೆಳೆಯನೊಬ್ಬನ ಮಂಚದ ಮೇಲೆ. ಅವನು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯ ಒಬ್ಬನೇ ಮಗ. ನಾನು ಎಷ್ಟು ಮಾತಿನವನೋ ಅವನು ಅಷ್ಟೇ ಮೌನಿ. ಅವನ ತಂದೆ ಬಹರೇನಿನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಬಂದವರು ಮೊದಲು ಮಾಡುತ್ತಿದ್ದ ಕೆಲಸ ಮನೆಯ ಕಬ್ಬಿಣದ ಗೇಟಿಗೆ ಬಣ್ಣ ಹೊಡೆಯುವುದು. ಗೇಟು ಬೇಡ ಎಂದರೂ ಬಿಡುತ್ತಿರಲಿಲ್ಲ. ಗೇಟಿಗೆ ಬಣ್ಣ ಬಿತ್ತೆಂದರೆ ಅವರು ಊರಿಗೆ ಬಂದಿದ್ದಾರೆ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಗೊತ್ತಾಗುತ್ತಿತ್ತು.

ಅವರ ಸ್ವರ ನನಗೆ ಬಹಳ ಇಷ್ಟ. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡು “ಲುಕ್ ಹಿಯರ್” ಎನ್ನುವುದು, ಮಾತು ಮುಗಿದ ಮೇಲೆ ಅಂಗೈ ಕೊಡವಿ “ಖಲಾಸ್” ಎನ್ನುವುದು. ನಡುವೆ ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್ ಯಾವುದು ಮೊದಲು ಕೈಗೆ ಸಿಕ್ಕಿತೋ ಅದು. ನಾನಿಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಹಾಸ್ಟೆಲಿನಲ್ಲಿ ತಂದೆ-ಮಗ ಇಬ್ಬರನ್ನೂ ನಾನೇ ಮಾಡಿ ತೋರಿಸುತ್ತಿದ್ದೆ:

“ಲುಕ್ ಹಿಯರ್ ಪುತಾ, ಊಟ ಆಯ್ತಾ?”

“ಆಯ್ತು ಡ್ಯಾಡಿ.”

“ಓದ್ತಾ ಉಂಟಾ?”

“ಹೌದು ಡ್ಯಾಡಿ.”

“ಖಲಾಸ್.”

ಎರಡು ವರ್ಷದ ಮಾತುಕತೆ ಅಷ್ಟರಲ್ಲಿ ಮುಗಿಯುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಗೆಳೆಯನೇ. ನಕ್ಕು ಮುಗಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಕೂತುಬಿಡುತ್ತಿದ್ದ.

ಆ ವರ್ಷದ ಮೇ ತಿಂಗಳಲ್ಲಿ ಅವರು ಬಂದಾಗ ನೈಲಾನ್ ಹಗ್ಗ ಕಟ್ಟಿದ ಕಾರ್ಟನ್‌ಗಳು ಯಾವತ್ತಿಗಿಂತ ಹೆಚ್ಚಿದ್ದವು. ಬೇರೆಯವರ ತಂದೆಯಂದಿರು ಟೇಪ್ ರೆಕಾರ್ಡರ್, ಕಂಬಳಿ, ಸೆಂಟಿನ ಬಾಟಲಿ ತಂದರೆ ಇವರು ತಂದದ್ದು ಒಂದು ಯುದ್ಧ. ಅವರ ಕ್ಯಾಂಪಿನಲ್ಲಿದ್ದ ಒಬ್ಬ ಇಂಗ್ಲಿಷ್ ಸೂಪರ್‌ವೈಸರಿಗೆ ಮೇಜಿನ ಮೇಲೆ ರಣರಂಗ ಕಟ್ಟಿ, ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುವ ಹುಚ್ಚು ಇತ್ತಂತೆ. ಇವರಿಗೂ ಕಲಿಸಿದ. ಕೆಲಸ ಬಿಟ್ಟು ಹೋಗುವಾಗ ಇನ್ನೂ ಒಡೆಯದ ಪೆಟ್ಟಿಗೆಗಳನ್ನು ಇವರಿಗೇ ಕೊಟ್ಟು ಹೋದ. ಸೈನಿಕರು ಸಣ್ಣ ವಿಷಯ, ದೊಡ್ಡದು ಅವರು ನಿಲ್ಲುವ ಇಂಗ್ಲೆಂಡಿನ ನೆಲ. ಮುರಿದ ಇಗರ್ಜಿ ಎಂದರೆ ಚರ್ಚು, ಕಲ್ಲಿನ ಸೇತುವೆ, ಬೇಲಿ, ತುಂಡು ತುಂಡಾದ ಹೊಳೆ, ಮತ್ತು ಒಂದರ ಮೇಲೊಂದು ಅಂಟಿಸಿ ಎಬ್ಬಿಸಬೇಕಾದ ಥರ್ಮೋಕೋಲಿನ ಗುಡ್ಡ. ಎಲ್ಲ ಸೇರಿದರೆ ಅವರ ಮನೆಯ ಊಟದ ಮೇಜು ಸಾಲದೆ, ಪಕ್ಕಕ್ಕೆ ಎರಡು ಬೆಂಚು ಹಾಕಿ ಮೇಲೆ ಹಲಗೆ ಇಡಬೇಕಾಯಿತು.

ಸಹಾಯಕ್ಕೆಂದು ನಾನು ಕಾಪುವಿನಿಂದ ಹೋಗಿ ಅವರ ಮನೆಯಲ್ಲೇ ಠಿಕಾಣಿ ಹಾಕಿದೆ. ಮೊದಲ ಸಂಜೆ ಜಗಲಿಯಲ್ಲಿ ಕೂತು ಗೆಳೆಯನ ತಂದೆ, ನನಗೆ ಅಂಕಲ್, ನನ್ನೊಬ್ಬನಿಗೇ ಹೇಳಿದರು:

“ಲುಕ್ ಹಿಯರ್, ನಾನು ಅವನ ಹತ್ತಿರ ಎಂತ ಮಾತಾಡುವುದು ಹೇಳು? ಕೇಳಿದ್ದಕ್ಕೆಲ್ಲ ಹೌದು ಡ್ಯಾಡಿ. ಇದರಲ್ಲಾದರೆ ಆಚೆ ಈಚೆ ಕೂತು ಒಂದು ಇಡೀ ಮಧ್ಯಾಹ್ನ ಜಗಳ ಮಾಡಬಹುದು. ಒಂದು ಆಟ ಆಡಿ ಹೋಗಬೇಕು ನನಗೆ. ಮುಂದಿನ ಸಲ ನಾನು ಬರುವಾಗ ಅವನು ಎಲ್ಲಿಯೋ ಕೆಲಸದಲ್ಲಿ ಇರ್ತಾನೆ.”

“ಅಂಕಲ್, ಜಗಳಕ್ಕೆ ಬಹರೇನಿನಿಂದ ಪೆಟ್ಟಿಗೆ ತರಬೇಕಿತ್ತಾ? ನಮ್ಮ ಮನೆಗೆ ಬನ್ನಿ, ದಿನಾ ಉಂಟು.”

ಅವರು ನಕ್ಕರು. ಆದರೆ ದಿನಗಳು ಹೆಚ್ಚಿರಲಿಲ್ಲ. ಭಾನುವಾರ ಅವರನ್ನು ಬೀಳ್ಕೊಡಲು ನೆಂಟರೆಲ್ಲ ಊಟಕ್ಕೆ ಬರುವವರಿದ್ದರು. ಸೋಮವಾರ ಬೊಂಬಾಯಿ ಬಸ್. “ಶನಿವಾರ ಸಂಜೆಗೆ ನನ್ನ ಮೇಜು ನನಗೆ ಬೇಕು. ಯುದ್ಧ ಗೆದ್ದವರು ಯಾರೇ ಆಗಲಿ, ಮೇಜು ನನ್ನದು” ಎಂದು ಗೆಳೆಯನ ತಾಯಿ, ನಮ್ಮ ಆಂಟಿ, ಮೊದಲೇ ಘೋಷಿಸಿದ್ದರು. ಹಾಗಾಗಿ ಆಟ ಶನಿವಾರ ಮಧ್ಯಾಹ್ನ ಆಗಲೇಬೇಕು, ಅಷ್ಟರೊಳಗೆ ನೆಲ ತಯಾರಾಗಬೇಕು.

ಗೆಳೆಯನ ಕೈ ನೋಡಬೇಕಿತ್ತು ನೀವು. ಪ್ಲಾಸ್ಟಿಕ್ಕಿನ ತುಂಡುಗಳು ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಿ, ಅಂಚನ್ನು ಉಜ್ಜಿ, ಅಂಟು ಹಾಕದೆ ಒಮ್ಮೆ ಕೂಡಿಸಿ ನೋಡಿ, ಸರಿಯಿದ್ದರೆ ಮಾತ್ರ ಅಂಟು. ನಾನು ಅಂಟಿಸಿದ ಸೇತುವೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಇವತ್ತಿಗೂ ಉಂಟು. ಅವನು ಅಂಟಿಸಿದ ಗೋಡೆಯಲ್ಲಿ ಸಂದು ಎಲ್ಲಿದೆ ಎಂದು ಅವನೇ ಹೇಳಿದರೂ ನಮಗೆ ಕಾಣುತ್ತಿರಲಿಲ್ಲ. ಬಣ್ಣದ ವಿದ್ಯೆ ಅಂಕಲ್‌ದು. ಮೊದಲು ಕಲ್ಲಿಗೆಲ್ಲ ಕಪ್ಪು ಬಳಿ, ಒಣಗಲಿ. ಆಮೇಲೆ ಬ್ರಷ್ಷನ್ನು ಬೂದು ಬಣ್ಣಕ್ಕೆ ಅದ್ದಿ, ಬಟ್ಟೆಗೆ ಒರೆಸಿ, ಒರೆಸಿ, ಬಣ್ಣ ಮುಗಿದೇ ಹೋಯಿತು ಎನಿಸಿದಾಗ ಕಲ್ಲಿನ ಮೇಲೆ ಸುಮ್ಮನೆ ಎಳೆ. ಉಬ್ಬುಗಳಿಗೆ ಮಾತ್ರ ಬಣ್ಣ ಹಿಡಿಯುತ್ತದೆ, ಸಂದುಗಳು ಕಪ್ಪಾಗಿಯೇ ಉಳಿಯುತ್ತವೆ. ಪ್ಲಾಸ್ಟಿಕ್ ಕಲ್ಲು ಕಣ್ಣೆದುರೇ ಕಲ್ಲಾಗುತ್ತದೆ. ನನಗೆ ಇದನ್ನು ಕಲಿಸಿ ಪ್ರಯೋಜನವಿರಲಿಲ್ಲ. ಒರೆಸುವಷ್ಟು ಹೊತ್ತು ಕಾಯುವ ಜಾತಿ ನನ್ನದಲ್ಲ.

ನನಗೆ ಸಿಕ್ಕಿದ್ದು ಕಾಡು ಮತ್ತು ಹೊಳೆದಂಡೆ. ಪೆಟ್ಟಿಗೆಯಲ್ಲಿದ್ದ ಮರಗಳು ದಾರಿಯಲ್ಲೇ ಅಪ್ಪಚ್ಚಿಯಾಗಿದ್ದವು. ಕಾಪುವಿನ ಕಡಲ ಬದಿಯ ಗಾಳಿಮರದ ಕಡ್ಡಿ ಮುರಿದು ತಂದು ನೆಟ್ಟೆ. ದಂಡೆಗೆ ಅಲ್ಲಿಯದೇ ಮರಳು, ಸಿಹಿನೀರಿನಲ್ಲಿ ತೊಳೆದು ಜರಡಿ ಹಿಡಿದದ್ದು. ಜರಡಿ ಆಂಟಿಯದು. ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮರುದಿನ ರೊಟ್ಟಿ ಕರಕರ ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು.

ಆಂಟಿಗೆ ಕಷ್ಟವಾದದ್ದು ಇಗರ್ಜಿ. ಮೇಜಿನ ನಡುವೆ ಚಾವಣಿಯಿಲ್ಲದ, ಒಂದು ಗೋಡೆ ಕುಸಿದ ಇಗರ್ಜಿ ನೋಡಿ ಅವರು ಸೌಟು ಹಿಡಿದುಕೊಂಡೇ ನಿಂತರು.

“ಇದಕ್ಕೆ ಮಾಡು ಎಲ್ಲಿ?”

“ಯುದ್ಧದಲ್ಲಿ ಬಿದ್ದದ್ದು. ಹಾಗೇ ಇರುವುದು ಅದು” ಎಂದರು ಅಂಕಲ್.

“ಯುದ್ಧ ಶನಿವಾರ ಅಲ್ವಾ? ಇವತ್ತೇ ಯಾರು ಬೀಳಿಸಿದ್ದು?”

ಸಂಜೆಗೆ ಇಗರ್ಜಿಗೆ ರಟ್ಟಿನ ಮಾಡು ಬಂದಿತ್ತು, ಗೋಡೆಗೆ ಸುಣ್ಣ ಬಂದಿತ್ತು, ಮೇಲೆ ಬೆಂಕಿಕಡ್ಡಿಯ ಶಿಲುಬೆ ಕೂಡ. ಮುರಿಯುವುದಿದ್ದರೆ ಆಟ ಮುಗಿದ ಮೇಲೆ ಮುರಿಯಬೇಕೆಂದು ಆಂಟಿಯ ಆಜ್ಞೆ.

ಗುರುವಾರದ ಹೊತ್ತಿಗೆ ಉಳಿದದ್ದು ಗುಡ್ಡ ಒಂದೇ. ಅಂಟಿಸಿ, ಕೆತ್ತಿ ಆಗಿತ್ತು. ಮೇಜಿನ ಒಂದು ಮೂಲೆ ತುಂಬ ಬೆಳ್ಳಗೆ, ಇಡ್ಲಿಯ ರಾಶಿಯ ಹಾಗೆ ಕೂತಿತ್ತು. ಅದರ ಬಣ್ಣ ತಾವೇ ಮಾಡುವುದೆಂದು ಅಂಕಲ್ ನೀರಿನಲ್ಲಿ ಕಲಸುವ ಡಿಸ್ಟೆಂಪರ್ ಪುಡಿಯನ್ನೂ ಗೋಂದನ್ನೂ ತೆಗೆದಿಟ್ಟಿದ್ದರು. ಬೆಳಿಗ್ಗೆ ಟಿಕೇಟಿನ ಕೆಲಸಕ್ಕೆ ಉಡುಪಿಗೆ ಹೊರಟರು. ಗೆಳೆಯ ಒಳಗೆ ತಲೆ ತಗ್ಗಿಸಿ ಬೇಲಿ ಅಂಟಿಸುತ್ತಿದ್ದವನು ಅವರು ಹೋದದ್ದನ್ನು ನೋಡಲಿಲ್ಲ.

ನಾನು ನೋಡಿದೆ. ನನ್ನ ಗಂಟಲೂ ನೋಡಿತು.

ಊಟದ ಕೋಣೆಯ ಕಿಟಕಿಯ ಹೊರಗೆ, ಗೋಡೆಗೆ ಒರಗಿ ಗೇಟಿನ ಬಣ್ಣದ ಡಬ್ಬ ಇತ್ತು; ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ ಹೊಡೆಯುವ ಕೆಂಪು ಆಯಿಲ್ ಪೇಂಟ್, ಪಕ್ಕದಲ್ಲಿ ಥಿನ್ನರ್ ಬಾಟಲಿ. ನಾನು ಕಿಟಕಿಯ ಕೆಳಗೆ ಕೂತು ಗಂಟಲು ಸರಿಮಾಡಿಕೊಂಡೆ.

“ಲುಕ್ ಹಿಯರ್ ಪುತಾ, ಆ ಗುಡ್ಡ ಎಂತ ಇನ್ನೂ ಬೆಳ್ಳಗೆ? ಗೇಟಿನ ಬಣ್ಣ ಇಲ್ಲಿ ಉಂಟಲ್ಲ, ಥಿನ್ನರ್ ಹಾಕಿ ಒಂದು ಕೋಟ್ ಹೊಡಿ. ಖಲಾಸ್.”

ಅವನು ಹೊರಗೆ ಬಗ್ಗಿ ನೋಡುತ್ತಾನೆ, ನನ್ನ ತಲೆಗೆ ಒಂದು ಕೊಡುತ್ತಾನೆ, ನಗುತ್ತೇವೆ. ನನ್ನ ಲೆಕ್ಕ ಅಷ್ಟೇ. ಅವನು ಒಳಗಿನಿಂದ “ಹೌದು ಡ್ಯಾಡಿ” ಎಂದ. ಆ “ಹೌದು ಡ್ಯಾಡಿ” ನಾನು ಮಾಡುವುದಕ್ಕಿಂತಲೂ ಚೆನ್ನಾಗಿತ್ತು. ನಗು ತಡೆಯಲಾಗದೆ ನಾನು ಬಾಯಿಗೆ ಕೈ ಒತ್ತಿಕೊಂಡು ಬಾವಿಯ ಕಡೆ ಓಡಿದೆ. ಅಲ್ಲಿ ಆಂಟಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಒಂದು ಹೋಳು ತಿಂದೆ, ಅದಕ್ಕೆ ಇನ್ನೊಂದು ಸೇರಿ ಹೊತ್ತು ಹೋಯಿತು. ಅವನು ಬಣ್ಣ ಹೊಡೆದರೂ ಎಂತ ಆಗುತ್ತದೆ, ಕೆಂಪಿನ ಮೇಲೆ ಹಸಿರು ಬಳಿದರಾಯಿತು ಎಂದುಕೊಂಡಿದ್ದೆ. ಕೆಮಿಸ್ಟ್ರಿ ಪಾಸಾದವನು ನಾನು, ಅದೂ ಮೊದಲ ಪ್ರಯತ್ನದಲ್ಲಿ. ಥರ್ಮೋಕೋಲಿಗೆ ಥಿನ್ನರ್ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಏನಾಗುತ್ತದೆ ಎಂದು ಈಗ ಹೇಳಬಲ್ಲೆ. ಮೊದಲು ಸಣ್ಣಗೆ ಸುಂಯ್ ಎನ್ನುತ್ತದೆ. ಆಮೇಲೆ ಉಪ್ಪು ಬಿದ್ದ ಬಸವನಹುಳದ ಹಾಗೆ ಗುಡ್ಡ ತನ್ನೊಳಗೇ ಮುದುಡಿಕೊಳ್ಳುತ್ತದೆ. ವಾಸನೆಗೆ ಆಂಟಿ ಚೂರಿ ಹಿಡಿದೇ ಒಳಗೆ ಓಡಿದರು, ನಾನು ಅವರ ಹಿಂದೆ. ಗುಡ್ಡದ ತಲೆ ಇರಲಿಲ್ಲ. ಇದ್ದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕೆಂಪು ಹೊಂಡ. ಗೆಳೆಯ ಬ್ರಷ್ ಹಿಡಿದು ಅದನ್ನೇ ನೋಡುತ್ತಾ ನಿಂತಿದ್ದ.

“ಎಂತ ಮಾಡಿದ್ದು ಇದು?”

“ಡ್ಯಾಡಿ ಹೊಡೀಲಿಕ್ಕೆ ಹೇಳಿದ್ರು.”

“ಯಾವ ಡ್ಯಾಡಿ? ನಿನ್ನ ಡ್ಯಾಡಿ ಈಗ ಉಡುಪಿ ಮುಟ್ಟಿ ಆಗಿರಬಹುದು.”

ತಾಯಿ-ಮಗ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಬಾಯಿಯಲ್ಲಿ ಇನ್ನೂ ಮಾವಿನಕಾಯಿ ಇತ್ತು.

ಮಧ್ಯಾಹ್ನ ಅಂಕಲ್ ಬಂದರು. ಚಪ್ಪಲಿ ಕಳಚುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ, ನನ್ನದೇ ಸ್ವರದಲ್ಲಿ, ಬಾವಿಗೆ ಬಿದ್ದ ಕೊಡಪಾನದ ಸ್ವರ. ಅವರು ನನಗೆ ಬೈಯಲಿಲ್ಲ. ಹೊಂಡದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಮಗನನ್ನು ಕೇಳಿದರು:

“ಗುಡ್ಡ ನಾನೇ ಮಾಡ್ತೇನೆ ಅಂತ ಹೇಳಿದ್ದೆ, ಅಲ್ವಾ? ಡಿಸ್ಟೆಂಪರ್ ತೆಗೆದು ಇಟ್ಟದ್ದು ನೀನೇ ನೋಡಿದ್ದಿ. ಮತ್ತೆ ಗೇಟಿನ ಬಣ್ಣ ಯಾಕೆ ಅಂತ ಕೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?”

“ನೀವು ಹೇಳಿದ್ರಲ್ಲ.”

“ನಾನು ಹೇಳ್ಲಿಲ್ಲ.”

“ನೀವು ಹೇಳಿದ ಹಾಗೇ ಇತ್ತು.”

ಅಂಕಲ್ ಕುರ್ಚಿ ಎಳೆದು ಕೂತರು. ಬಹರೇನಿನಿಂದ ಇಲ್ಲಿಯವರೆಗೆ ಹೊತ್ತು ತಂದವರು, ಒಂದು ಮಧ್ಯಾಹ್ನದ ಜಗಳಕ್ಕಾಗಿ. ಮಗ ಅವರ ಸ್ವರ ಕೇಳಿದರೆ ಜಗಳ ಬಿಡಿ, ಒಂದು ಪ್ರಶ್ನೆ ಕೂಡ ಕೇಳುವುದಿಲ್ಲ. ನಾನು ಹಾಸ್ಟೆಲಿನಲ್ಲಿ ಅಷ್ಟು ಸಲ ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದ ಆಟ ಅದೇ. ಅವತ್ತು ಅದನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದೆ, ನಗು ಬರಲಿಲ್ಲ.

“ಬಿಡು. ಎಲ್ಲ ಪೆಟ್ಟಿಗೆಗೆ ತುಂಬಿಸು. ಇನ್ನೊಂದು ಸಲ ನೋಡುವ” ಎಂದರು. “ಖಲಾಸ್” ಎನ್ನಲಿಲ್ಲ. ಅಂಗೈ ಕೊಡವಲೂ ಇಲ್ಲ.

ಗೆಳೆಯ “ಹೌದು ಡ್ಯಾಡಿ” ಎನ್ನುತ್ತಾನೆಂದು ನಾನು ಕಾದೆ. ಬೆಟ್ ಕಟ್ಟುತ್ತಿದ್ದೆ ಬೇಕಾದರೆ.

“ಬೇಡ ಡ್ಯಾಡಿ” ಎಂದ ಅವನು.

ಅಂಕಲ್ ತಲೆ ಎತ್ತಿದರು.

“ಬೇಡ. ಇದು ಕೋರೆ ಆಗ್ತದೆ. ನಿಟ್ಟೆಗೆ ಹೋಗುವ ದಾರಿಯಲ್ಲಿ ಕೆಂಪು ಕಲ್ಲು ಕಡಿದು ತೆಗೆದ ಮುರಕಲ್ಲಿನ ಕೋರೆ ಉಂಟಲ್ಲ, ಹಾಗೆಯೇ ಕಾಣುವುದು ನೋಡಿ. ಮೆಟ್ಟಿಲು ಸಹ ತಾನಾಗಿಯೇ ಬಂದಿದೆ.”

“ಇಂಗ್ಲೆಂಡಿನಲ್ಲಿ ಮುರಕಲ್ಲಿನ ಕೋರೆ ಎಲ್ಲಿ ಉಂಟು ಮಾರಾಯ?”

“ಇದು ಇಂಗ್ಲೆಂಡ್ ಅಲ್ಲ, ಮಮ್ಮಿಯ ಮೇಜು.”

ಆ ಮಾತು ನನ್ನದಾಗಿರಬೇಕಿತ್ತು ಎಂದು ನನಗೆ ಈಗಲೂ ಹೊಟ್ಟೆಕಿಚ್ಚು.

ಶುಕ್ರವಾರ ಇಡೀ ದಿನ ಕೋರೆಯ ಕೆಲಸ. ಪೇಂಟ್ ಒಣಗಿ ಗಟ್ಟಿಯಾದ ಮೇಲೆ ಗೆಳೆಯ ಗರಗಸದ ಬ್ಲೇಡಿನಿಂದ ಅಂಚುಗಳನ್ನು ಚೌಕವಾಗಿ ಕತ್ತರಿಸಿದ, ಕಲ್ಲು ಕಡಿದು ತೆಗೆದ ಜಾಗದ ಹಾಗೆ. ನಾನು ಹಿತ್ತಲಿನ ಮುರಕಲ್ಲಿನ ತುಂಡನ್ನು ಕುಟ್ಟಿ ಪುಡಿ ಮಾಡಿದೆ, ಜರಡಿ ಹಿಡಿದೆ (ಈ ಸಲ ಕೇಳಿ), ಗೋಂದು ಬಳಿದ ಮೆಟ್ಟಿಲುಗಳ ಮೇಲೆ ಉದುರಿಸಿದೆ. ಅಂಕಲ್ ಒಣ ಬ್ರಷ್ಷಿನಿಂದ ಅಂಚುಗಳ ಮೇಲೆ ಹಳದಿ ಎಳೆದರು. ಮುಗಿಯುವ ಹೊತ್ತಿಗೆ ಇಡೀ ಮೇಜಿನಲ್ಲಿ ನಿಜವಾಗಿ ಕಾಣುತ್ತಿದ್ದದ್ದು ಅದೊಂದೇ. ವಿದೇಶದ ಸೇತುವೆಯೂ ಹೊಳೆಯೂ ಅದರ ಪಕ್ಕದಲ್ಲಿ ನೆಂಟರ ಹಾಗೆ ನಿಂತಿದ್ದವು. ಗುಡ್ಡ ಕರಗಿಸಿದ್ದರಿಂದಲೇ ಇದೆಲ್ಲ ಸಾಧ್ಯವಾದದ್ದು ಎಂದು ನಾನು ಒಮ್ಮೆ ಸೂಚಿಸಿದೆ. ಆಂಟಿ ಚೂರಿಯ ಕಡೆ ನೋಡಿದರು. ಮತ್ತೆ ಸೂಚಿಸಲಿಲ್ಲ.

ಶನಿವಾರ ಮಧ್ಯಾಹ್ನ ಗಂಜಿ ಉಂಡು ಯುದ್ಧ ಶುರುವಾಯಿತು. ಅಂಕಲ್‌ಗೆ ನೀಲಿ ಸೈನ್ಯ, ಗೆಳೆಯನಿಗೆ ಕೆಂಪು. ದೂರ ಅಳೆಯಲು ಆಂಟಿಯ ಹೊಲಿಗೆ ಟೇಪು, ಅದನ್ನು ಹಿಡಿಯಲು ನಾನು. ಆಂಟಿ ಮೇಜಿಗೆ ಕಾವಲಾಗಿ ಕುರ್ಚಿ ಹಾಕಿ ಕೂತಿದ್ದರು. ಸೇತುವೆಯನ್ನು ಹಿಡಿದವರಿಗೆ ಜಯ ಎಂದು ಅಂಕಲ್ ನಿಯಮ ಹೇಳಿದರು. ಮೊದಮೊದಲು ಇಬ್ಬರೂ ಪಾದ್ರಿಗಳ ಮುಂದೆ ಕೂತವರ ಹಾಗೆ ಮರ್ಯಾದೆಯಿಂದ ದಾಳ ಉರುಳಿಸಿದರು. ಆಮೇಲೆ ಅಂಕಲ್ ತಮ್ಮ ಕುದುರೆಗಳನ್ನೆಲ್ಲ ಎತ್ತಿ, ದಾರಿ ಹತ್ತಿರವಾಗಲೆಂದು ಸೀದಾ ಕೋರೆಯ ಅಂಚಿಗೆ ತಂದು ನಿಲ್ಲಿಸಿದರು.

“ಇಲ್ಲಿಂದ ಇಳಿದು, ಆಚೆ ಹತ್ತಿ, ಸೇತುವೆಗೆ. ಖಲಾಸ್.”

“ಆಗುವುದಿಲ್ಲ ಡ್ಯಾಡಿ. ಕೋರೆಯಲ್ಲಿ ಕುದುರೆ ಇಳಿಯುವುದಿಲ್ಲ.”

“ಯಾಕೆ ಇಳಿಯುವುದಿಲ್ಲ? ಸಣ್ಣವನಿರುವಾಗ ನಾನು ಎಮ್ಮೆ ಇಳಿಸಿದ್ದೇನೆ ಕೋರೆಗೆ!”

“ಇಳಿದ ಎಮ್ಮೆ ಹತ್ತಿತಾ?”

“ಹತ್ತದೆ ಮತ್ತೆ?”

“ಹತ್ತಲಿಲ್ಲ” ಎಂದರು ಆಂಟಿ ಕುರ್ಚಿಯಿಂದ. “ಊರಿನವರೆಲ್ಲ ಸೇರಿ ಹಗ್ಗ ಕಟ್ಟಿ ಎಳೆದದ್ದು. ಅತ್ತೆ ಎಷ್ಟು ಸಲ ಹೇಳಿದ್ದಾರೆ ನನಗೆ.”

“ನೀನು ಯಾರ ಸೈನ್ಯ?”

“ನಾನು ಮೇಜಿನವಳು.”

“ಲುಕ್ ಹಿಯರ್, ಎಮ್ಮೆ ಬೇರೆ, ಕುದುರೆ ಬೇರೆ! ಕುದುರೆ ಹಾರ್ತದೆ!”

“ಹಾರಲಿ. ದಾಳ ಹಾಕಿ. ಆರು ಬಿದ್ದರೆ ಹಾರಿತು, ಬೀಳದಿದ್ದರೆ ಹೊಂಡದಲ್ಲಿ. ಆಮೇಲೆ ಹಗ್ಗ ಕೇಳಬಾರದು.”

ಇದನ್ನು ಹೇಳಿದವನು ನನ್ನ ಗೆಳೆಯ, ಎದ್ದು ನಿಂತು, ಮೇಜಿಗೆ ಕೈ ಊರಿ. ಹಾಸ್ಟೆಲಿನಲ್ಲಿ ಮೆಸ್ಸಿನ ಸಾರು ನೀರಾದರೂ ಇನ್ನೊಂದು ಸೌಟು ಕೇಳದವನು. ಅಂಕಲ್‌ರ ಮುಖ ಕೋರೆಗಿಂತ ಕೆಂಪಾಗಿತ್ತು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡಿರಲಿಲ್ಲ. ದಾಳ ಹಾಕಿದರು. ಎರಡು. ಕುದುರೆಗಳನ್ನು ಒಂದೊಂದಾಗಿ ಹೊಂಡಕ್ಕೆ ಇಳಿಸುವಾಗಲೂ ವಾದ ನಿಲ್ಲಲಿಲ್ಲ. ಅಂಕಲ್‌ರ ಪ್ರಕಾರ ಗಾಳಿ ಬಂತು, ಟೇಪು ಸಡಿಲ ಇತ್ತು, ಟೇಪು ಹಿಡಿದ ನಾನು ಶತ್ರುವಿನ ಮನುಷ್ಯ. ಬಹರೇನಿನ ಸೂಪರ್‌ವೈಸರನ ನಿಯಮ, ಕಾರ್ಕಳದ ಕೋರೆಯ ನಿಯಮ, ಎಮ್ಮೆಯ ನಿಯಮ, ಎಲ್ಲವೂ ಬಂದು ಹೋದವು. ಚಹಾ ಬಂತು, ಆರಿತು, ಮತ್ತೆ ಬಿಸಿಯಾಗಿ ಬಂತು. ಸಂಜೆಯ ಹೊತ್ತಿಗೆ ಕೆಂಪು ಸೈನ್ಯ ಸೇತುವೆಯ ಮೇಲೆ ಸಾಲಾಗಿ ನಿಂತಿತ್ತು. ನೀಲಿ ಕುದುರೆಗಳು ಇನ್ನೂ ಕೋರೆಯಲ್ಲೇ ಇದ್ದವು.

ಅಂಕಲ್ ಗದ್ದಕ್ಕೆ ಕೈ ಕೊಟ್ಟು ಮೇಜನ್ನೇ ನೋಡುತ್ತಾ ಕೂತರು. ಏನಾದರೂ ಒಂದು ದಾರಿ ಇದ್ದೇ ಇದೆ ಎನ್ನುವ ಹಾಗೆ ಟೇಪನ್ನು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಇಟ್ಟು ನೋಡಿದರು. ಗೆಳೆಯ ತಲೆ ತಗ್ಗಿಸಿ ಸೇತುವೆಯ ಮೇಲಿನ ಸೈನಿಕರನ್ನು ಸರಿಮಾಡುತ್ತಿದ್ದ. ಆಂಟಿ ಗಡಿಯಾರ ನೋಡಿದರು. ಕೋಣೆ ಅಷ್ಟು ಸದ್ದಿಲ್ಲದೆ ಇದ್ದರೆ ನನ್ನ ಗಂಟಲಿಗೆ ಸಮಾಧಾನ ಇರುವುದಿಲ್ಲ. ಗುರುವಾರದ ಪಾಠ ಶನಿವಾರಕ್ಕೆ ಉಳಿಯುವಷ್ಟು ದೊಡ್ಡ ತಲೆಯೂ ನನ್ನದಲ್ಲ. ಅವನ ಬೆನ್ನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡೆ.

“ಲುಕ್ ಹಿಯರ್ ಪುತಾ, ನಾನು ಸೋತೆ. ಖಲಾಸ್.”

ಅವನು ತಲೆ ಕೂಡ ಎತ್ತಲಿಲ್ಲ.

“ಸ್ವರ ಸರಿ ಉಂಟು ಮಾರಾಯ, ಮಾತು ತಪ್ಪು. ಸೋತೆ ಅಂತ ಹೇಳುವ ಡ್ಯಾಡಿ ನಮ್ಮ ಮನೆಯಲ್ಲಿ ಇಲ್ಲ.”